ಐಬು ಮುಚ್ಚದ ಹನ್ನೊಂದು ದಿನ

ದಿನಬಳಕೆಯ ಐಬುಗಳ ಬಗೆಗಿನ ಐದು ಕೋಣೆಗಳ ಈ ಪ್ರದರ್ಶನದಲ್ಲಿ ಮೊದಲ ಕೋಣೆಯ ಗೋಡೆಗಳು ಖಾಲಿ. ಇರುವುದೆಲ್ಲ ನೆಲದ ಮೇಲೆ: ಒಂದೂವರೆ ಮೀಟರ್ ಚೌಕದ ಎರಡು ಜೇಡಿಮಣ್ಣಿನ ಹಾಸು, ತಲಾ ಎರಡು ಸೆಂಟಿಮೀಟರ್ ದಪ್ಪ. ಒಂದೇ ಮಣ್ಣು, ಒಂದೇ ಹದ, ಒಂದೇ ದಿನ ತಟ್ಟಿದ್ದು. ವ್ಯತ್ಯಾಸ ಇರುವುದು ಅಡಿಯಲ್ಲಿ. ಎಡಗಡೆಯದನ್ನು ಒರಟು ಸಿಮೆಂಟ್ ಹಲಗೆಯ ಮೇಲೆ ಒತ್ತಿ ಅಂಟಿಸಿದ್ದಾರೆ, ಬಲಗಡೆಯದನ್ನು ಒಣ ಮರಳಿನ ತೆಳು ಪದರದ ಮೇಲೆ ಹಾಸಿದ್ದಾರೆ. ಎರಡನ್ನೂ ಸುಟ್ಟಿಲ್ಲ, ಸುಡುವುದೂ ಇಲ್ಲ. ಪ್ರದರ್ಶನ ಹನ್ನೊಂದೇ ದಿನ ಏಕೆ ಎಂದು ಕೇಳಿದರೆ ಈ ಮಣ್ಣೇ ಉತ್ತರ. ಅದು ಒಣಗಿ ಮುಗಿಯುವಷ್ಟು ಹೊತ್ತು ಪ್ರದರ್ಶನ ತೆರೆದಿರುತ್ತದೆ. ಏಳು ದಿನ ಕಳೆದಿವೆ, ನಾಲ್ಕು ಉಳಿದಿವೆ.

ಪರಿಪೂರ್ಣತೆಯ ಗೀಳು ಮತ್ತು ದಿನಬಳಕೆಯ ಊನಗಳು ಎಂಬ ವಿಷಯ ಎತ್ತಿಕೊಂಡ ಪ್ರದರ್ಶನಗಳು ಬಹಳಷ್ಟು ಸಲ ಒಂದೇ ಕಡೆ ಎಡವುತ್ತವೆ. ಊನವನ್ನು ಹೊಗಳಿ ಹೊಗಳಿ ಅದನ್ನೇ ಒಂದು ಅಲಂಕಾರ ಮಾಡಿಬಿಡುತ್ತವೆ. ಇಲ್ಲಿ ಐದು ಕೋಣೆಗಳ ಪೈಕಿ ಮೂರರಲ್ಲಿ ಹಾಗಾಗಿಲ್ಲ. ಐಬು ಎಲ್ಲಿದೆಯೋ ಅದರ ಪಕ್ಕದಲ್ಲೇ ಅದು ಏಕೆ ಬಂತು ಎಂಬುದೂ ಇದೆ. ಕಾರಣ ಗೊತ್ತಾದ ಮೇಲೆ ಅದೇ ಬಿರುಕನ್ನು ನೋಡುವ ಕಣ್ಣು ಬೇರೆಯಾಗುತ್ತದೆ. ಈ ಮೂರು ಕೋಣೆಗಳಿಗಾಗಿ ಖಂಡಿತ ಹೋಗಬೇಕು. ಉಳಿದೆರಡರ ಬಗ್ಗೆ ನಮ್ಮ ತಕರಾರಿದೆ, ಅದನ್ನೂ ಹೇಳುತ್ತೇವೆ.

ಮೊದಲು ಮಣ್ಣು. ಎರಡು ಹಾಸು ಸೇರಿದರೆ ಸುಮಾರು 175 ಕಿಲೊ ಹಸಿಮಣ್ಣು, ಅದರೊಳಗೆ ಹೆಚ್ಚುಕಡಿಮೆ 38 ಲೀಟರ್ ನೀರು. ಆ ನೀರು ಗಾಳಿಗೆ ಹೋದಂತೆಲ್ಲ ಮಣ್ಣಿನ ಕಣಗಳು ಹತ್ತಿರ ಸರಿಯುತ್ತವೆ, ಹಾಸು ಕುಗ್ಗುತ್ತದೆ. ಈ ಬಗೆಯ ಮಣ್ಣು ಒಣಗುವಾಗ ಉದ್ದದಲ್ಲಿ ನೂರಕ್ಕೆ ಐದಾರು ಭಾಗ ಕುಗ್ಗುವುದು ಸಹಜ. ಮರಳಿನ ಮೇಲಿರುವುದಕ್ಕೆ ಜಾರುವ ಅವಕಾಶವಿದೆ, ಹಾಗಾಗಿ ಅದು ಇಡಿಯಾಗಿ ಒಳಕ್ಕೆ ಸರಿದಿದೆ. ಮೊದಲ ದಿನ ಅಂಚಿನ ಸುತ್ತ ಸೀಮೆಸುಣ್ಣದ ಗೆರೆ ಎಳೆದಿಟ್ಟಿದ್ದರು. ಈಗ ಆ ಗೆರೆಗೂ ಮಣ್ಣಿಗೂ ನಡುವೆ ಪ್ರತಿ ಬದಿಯಲ್ಲೂ ಎರಡು ಬೆರಳು ಹಿಡಿಸುವಷ್ಟು ಜಾಗ ಬಿಟ್ಟಿದೆ. ಹಲಗೆಗೆ ಅಂಟಿಸಿದ್ದಕ್ಕೆ ಜಾರಲು ದಾರಿಯಿಲ್ಲ. ಮೇಲ್ಭಾಗ ಕುಗ್ಗಬೇಕು ಎನ್ನುತ್ತದೆ, ತಳ ಬಿಡುವುದಿಲ್ಲ. ಎಳೆತ ತಡೆಯಲಾರದೆ ಅದು ಇಪ್ಪತ್ತಕ್ಕೂ ಹೆಚ್ಚು ತುಂಡಾಗಿದೆ.

ಇಲ್ಲಿ ಮೊಣಕಾಲೂರಿ ಕೂತು ನೋಡುವುದು ವಾಸಿ. ಬಿರುಕುಗಳು ಕೂಡುವ ಜಾಗಗಳನ್ನು ಗಮನಿಸಿ. ಬಹುತೇಕ ಎಲ್ಲ ಕಡೆ ಒಂದು ಬಿರುಕು ನೇರ ಸಾಗಿಹೋಗಿದೆ, ಇನ್ನೊಂದು ಬಂದು ಅದಕ್ಕೆ ಲಂಬವಾಗಿ ಮುಟ್ಟಿ ನಿಂತಿದೆ. ನೇರ ಹೋದದ್ದು ಹಿರಿಯದು, ಬಂದು ನಿಂತದ್ದು ಕಿರಿಯದು. ಮೊದಲ ಬಿರುಕು ಬಿಟ್ಟ ಕೂಡಲೇ ಅದರ ಅಂಚಿನಲ್ಲಿ ಅಡ್ಡಡ್ಡ ಎಳೆತ ಸಡಿಲವಾಗುತ್ತದೆ, ಬಿರುಕಿನ ಉದ್ದಕ್ಕೆ ಇರುವ ಎಳೆತ ಮಾತ್ರ ಉಳಿಯುತ್ತದೆ. ಆದ್ದರಿಂದ ಆಮೇಲೆ ಬರುವ ಬಿರುಕು ಹಳೆಯದನ್ನು ಲಂಬಕೋನದಲ್ಲೇ ಸಂಧಿಸುತ್ತದೆ. ಇಷ್ಟು ತಿಳಿದರೆ ಇಡೀ ಹಾಸನ್ನು ಕಾಲಾನುಕ್ರಮದಲ್ಲಿ ಓದಬಹುದು: ಯಾವುದು ಮೊದಲನೆಯದು, ಅದಕ್ಕೆ ಯಾರು ಬಂದು ಸೇರಿಕೊಂಡರು, ಕೊನೆಗೆ ಬಿಟ್ಟ ಕೂದಲೆಳೆಯ ಸೀಳು ಯಾವುದು. ಒಂದು ಮೂಲೆಯಲ್ಲಿ ಬೇಕೆಂದೇ ಐದು ಮಿಲಿಮೀಟರಿಗೆ ತೆಳುವಾಗಿಸಿದ ಪಟ್ಟಿಯಿದೆ. ಅಲ್ಲಿ ತುಂಡುಗಳು ಚಿಕ್ಕ ಚಿಕ್ಕವು, ಒತ್ತೊತ್ತು. ಪದರ ದಪ್ಪವಾದಷ್ಟೂ ಬಿರುಕುಗಳ ನಡುವಿನ ಅಂತರ ಹೆಚ್ಚುತ್ತದೆ ಎಂಬುದನ್ನು ಒಂದೇ ನೋಟದಲ್ಲಿ ತಿಳಿಸಿದ್ದಾರೆ, ವಿವರಣೆಯ ಫಲಕವೂ ಬೇಕಿಲ್ಲ.

ಇಲ್ಲೊಂದು ಕುಂದಿದೆ. ಕಿಟಕಿ ಕಡೆಯ ಗೋಡೆಯಲ್ಲಿ ಫ್ಯಾನ್ ಓಡುತ್ತಿದ್ದು, ಅದರ ಗಾಳಿ ಮರಳಿನ ಹಾಸಿನ ಒಂದು ಅಂಚಿಗೆ ನೇರ ಬಡಿಯುತ್ತದೆ. ಆ ಅಂಚು ಉಳಿದ ಭಾಗಕ್ಕಿಂತ ಮೊದಲೇ ಒಣಗಿ, ಮೇಲಕ್ಕೆ ಸುರುಳಿ ಎದ್ದು, ಅಂಗೈ ಉದ್ದದ ಒಂದು ಸೀಳು ಬಿಟ್ಟಿದೆ. ಅಂಚಿಗೆ ಒದ್ದೆ ಬಟ್ಟೆ ಹೊದಿಸಿ, ನಡುಭಾಗ ಒಣಗುವ ವೇಗಕ್ಕೆ ಹೊಂದಿಸಿದ್ದರೆ ಇದು ಬರುತ್ತಿರಲಿಲ್ಲ. ಐಬುಗಳ ಪ್ರದರ್ಶನದಲ್ಲಿ ಐಬು ಬಂದರೇನು ಎನ್ನಬಹುದು. ಆದರೆ ಈ ಕೋಣೆ ಒಂದು ಹೋಲಿಕೆ. ಹೋಲಿಸುವಾಗ ಬದಲಾಗಬೇಕಾದದ್ದು ಒಂದೇ ಅಂಶ, ಅಂದರೆ ತಳ. ಗಾಳಿಯೂ ಬದಲಾದರೆ ಯಾವ ಬಿರುಕಿಗೆ ಯಾವುದು ಹೊಣೆ ಎಂದು ನೋಡುವವರಿಗೆ ಗೊತ್ತಾಗುವುದಿಲ್ಲ. ಫಲಕದಲ್ಲಿ ಫ್ಯಾನಿನ ವಿಷಯ ಒಂದು ಸಾಲು ಬರೆದು ಹಾಕಿದ್ದರೂ ಸಾಕಿತ್ತು.

ಎರಡನೇ ಕೋಣೆಯಲ್ಲಿ ಚಿತ್ರಗಳಿಲ್ಲದ ಐದು ಚೌಕಟ್ಟುಗಳು. ಎಲ್ಲವೂ ಅರವತ್ತು ಸೆಂಟಿಮೀಟರ್ ಅಗಲ, ನಡುಬಿಂದು ನೆಲದಿಂದ 150 ಸೆಂಟಿಮೀಟರ್ ಎತ್ತರದಲ್ಲಿ. ಒಂದು ಸರಿಯಾಗಿ ಮಟ್ಟಕ್ಕಿದೆ. ಉಳಿದವು ಕಾಲು, ಅರ್ಧ, ಒಂದು, ಎರಡು ಡಿಗ್ರಿ ವಾಲಿವೆ. ಯಾವುದು ಯಾವುದೆಂದು ಹೇಳಿಲ್ಲ. ಸರಿಪಡಿಸಬೇಕೆನಿಸಿದರೆ ಸರಿಪಡಿಸಿ, ಆಮೇಲೆ ರಸಮಟ್ಟ ಇಟ್ಟು ನೋಡಿ ಎಂದು ಬರೆದಿದ್ದಾರೆ. ಲೆಕ್ಕ ಹೀಗಿದೆ: ಈ ಅಗಲಕ್ಕೆ ಒಂದು ಡಿಗ್ರಿ ಎಂದರೆ ಒಂದು ತುದಿಗಿಂತ ಇನ್ನೊಂದು ತುದಿ ಹತ್ತೂವರೆ ಮಿಲಿಮೀಟರ್ ಕೆಳಗೆ. ಅರ್ಧ ಡಿಗ್ರಿಗೆ ಐದು, ಕಾಲು ಡಿಗ್ರಿಗೆ ಎರಡೂವರೆ. ಎರಡು ಡಿಗ್ರಿಯದು ಬಾಗಿಲಲ್ಲೇ ಕಣ್ಣಿಗೆ ಹೊಡೆಯುತ್ತದೆ. ಕಾಲು ಡಿಗ್ರಿಯದನ್ನು ಹೆಚ್ಚಿನವರು ಮುಟ್ಟದೆ ಮುಂದೆ ಹೋಗುತ್ತಾರೆ. ಆದರೆ ಈ ಕೋಣೆಯ ಜಾಣತನವೆಲ್ಲ ಮೂರನೆಯ ಚೌಕಟ್ಟಿನಲ್ಲಿದೆ. ಅದು ಎಳ್ಳಷ್ಟೂ ವಾಲಿಲ್ಲ, ಅದರ ಮೇಲೆ ಓಡುವ ಮರದ ಪಟ್ಟಿ ವಾಲಿದೆ. ಕಣ್ಣು ಪಟ್ಟಿಯನ್ನೇ ಮಟ್ಟವೆಂದು ನಂಬಿ ಚೌಕಟ್ಟನ್ನು ತಿದ್ದಲು ಹೋಗುತ್ತದೆ. ರಸಮಟ್ಟ ಇಟ್ಟಾಗ ಗುಳ್ಳೆ ಬದಿಗೆ ಓಡಿದ್ದು ಕಂಡು ಕೈ ಹಿಂದೆ ಸರಿಯುತ್ತದೆ. ಯಾವುದಕ್ಕೆ ಹೋಲಿಸಿ ಸರಿ, ಯಾವುದಕ್ಕೆ ಹೋಲಿಸಿ ತಪ್ಪು ಎಂಬ ಪ್ರಶ್ನೆಯನ್ನು ಒಂದು ಮರದ ಪಟ್ಟಿಯಿಂದ ಎತ್ತಿದ್ದು ಇಡೀ ಪ್ರದರ್ಶನದ ಒಳ್ಳೆಯ ಆಲೋಚನೆಗಳಲ್ಲೊಂದು.

ಆಲೋಚನೆಗೆ ತಕ್ಕ ಕೆಲಸ ಮಾತ್ರ ಆಗಿಲ್ಲ. ಐದನ್ನೂ ಹಿಂದೆ ತಂತಿ ಕಟ್ಟಿ ಒಂದೊಂದೇ ಮೊಳೆಗೆ ತೂಗುಬಿಟ್ಟಿದ್ದಾರೆ. ಒಂದೇ ಮೊಳೆಯ ಮೇಲಿನ ತಂತಿ ಪ್ರತಿ ಸಲ ಮುಟ್ಟಿದಾಗಲೂ ಸ್ವಲ್ಪ ಜಾರುತ್ತದೆ. ಮೂರನೇ ದಿನದ ಹೊತ್ತಿಗೇ ಕಾಲು ಡಿಗ್ರಿಯದೂ ಅರ್ಧ ಡಿಗ್ರಿಯದೂ ಗುರುತು ಸಿಗದಂತಾಗಿದ್ದವು. ಸಂಜೆ ಹೊತ್ತು ಅಲ್ಲಿನವರು ಮತ್ತೆ ಅಳೆದು ಕೂರಿಸುತ್ತಾರೆ, ಬೆಳಿಗ್ಗೆ ಮತ್ತೆ ಅದೇ ಕಥೆ. ಚೌಕಟ್ಟಿನ ನಡುವೆ ಒಂದು ತಿರುಗಣೆ ಕೂರಿಸಿ, ಹಿಂದೆ ಕೋನ ಗುರುತಿಸಿದ ತಗಡು ಇಟ್ಟು, ಸ್ವಲ್ಪ ಬಿಗಿಯಾಗಿ ತಿರುಗುವಂತೆ ಮಾಡಿದ್ದರೆ ಮುಟ್ಟಿದವರಿಗೂ ತೃಪ್ತಿ, ಅಳತೆಗೂ ಭದ್ರ. ಹೋಗುವವರು ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ಹೋಗಿ, ಆಗ ಕೋನಗಳು ನಂಬಬಹುದಾದಂತೆ ಇರುತ್ತವೆ.

ಮೂರನೆಯದು ರಫೂ ಕೋಣೆ. ನಮ್ಮ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಮೇಲು. ಒಂದೇ ಉಣ್ಣೆ ಬಟ್ಟೆಯ ಹನ್ನೆರಡು ತುಂಡು, ಪ್ರತಿಯೊಂದರಲ್ಲೂ ಎರಡು ಸೆಂಟಿಮೀಟರಿನ ತೂತು, ಪ್ರತಿಯೊಂದಕ್ಕೂ ರಫೂ. ಒಂದು ಮಾತ್ರ ಸರಿಯಾದದ್ದು, ಹನ್ನೊಂದರಲ್ಲಿ ಒಂದೊಂದು ತಪ್ಪು. ಸರಿಯಾದದ್ದರಲ್ಲಿ ಹಾಸಿನ ಎಳೆಗಳು ತೂತಿನ ಅಂಚಿನಿಂದ ಒಂದು ಸೆಂಟಿಮೀಟರ್ ಆಚೆ, ಗಟ್ಟಿ ಬಟ್ಟೆಯಲ್ಲಿ ಶುರುವಾಗಿವೆ. ಪ್ರತಿ ತಿರುವಿನಲ್ಲೂ ಪುಟ್ಟದೊಂದು ಕುಣಿಕೆ ಸಡಿಲ ಬಿಟ್ಟಿದೆ. ಆಮೇಲೆ ಹೊಕ್ಕಿನ ಎಳೆ ಒಂದರ ಮೇಲೆ ಒಂದರ ಕೆಳಗೆ ಹಾದು ನೇಯ್ಗೆ ಮುಗಿಸಿದೆ. ಆ ಸಡಿಲ ಕುಣಿಕೆಗಳು ನೋಡಲು ಚೆನ್ನಾಗಿಲ್ಲ, ನಿಜ. ಆದರೆ ಹೊಸ ನೂಲು ಒಗೆತಕ್ಕೆ ಬಿದ್ದಾಗ ಕುಗ್ಗುತ್ತದೆ. ಆಗ ಬೇಕಾಗುವ ಉದ್ದವನ್ನು ಕೊಡುವುದು ಈ ಕುಣಿಕೆಗಳೇ. ನಾಲ್ಕನೆಯ ತುಂಡಿನಲ್ಲಿ ಕುಣಿಕೆ ಕಾಣಬಾರದೆಂದು ಎಳೆ ಬಿಗಿ ಎಳೆದಿದ್ದಾರೆ, ಒಂದೇ ಒಗೆತಕ್ಕೆ ಸುತ್ತಲ ಬಟ್ಟೆ ನೆರಿಗೆಗಟ್ಟಿ ಮುದುಡಿದೆ. ಆರನೆಯದರಲ್ಲಿ ನೂಲು ಬಟ್ಟೆಯ ಎಳೆಗಿಂತ ದಪ್ಪ. ರಫೂ ಗಟ್ಟಿಯಾಗಿ ನಿಂತಿದೆ, ಅದರ ಸುತ್ತ ಬಟ್ಟೆಯೇ ಹೊಸದಾಗಿ ಹರಿದಿದೆ.

ಏಳನೆಯ ತುಂಡಿನ ಮುಂದೆ ಹೆಚ್ಚು ಹೊತ್ತು ನಿಲ್ಲಿ. ರಫೂ ಹಾಕುವ ಮುನ್ನ ತೂತಿನ ಅಂಚಿನ ಎಳೆಗಳು ಕೆದರಿವೆಯೆಂದು ಕತ್ತರಿಯಿಂದ ದುಂಡಗೆ ಕತ್ತರಿಸಿ ಅಚ್ಚುಕಟ್ಟು ಮಾಡಿದ್ದಾರೆ. ಮೇಲ್ನೋಟಕ್ಕೆ ಹನ್ನೆರಡರಲ್ಲೇ ಚಂದದ ಕೆಲಸ. ಆದರೆ ಎರಡು ಸೆಂಟಿಮೀಟರಿನ ತೂತು ಮೂರಾಗಿದೆ, ಹೊಸ ನೂಲು ಹಿಡಿದುಕೊಳ್ಳಬೇಕಿದ್ದ ಹಳೆಯ ಎಳೆಗಳೇ ಹೋಗಿವೆ. ಬೆರಳಿನಿಂದ ತುಸು ಎಳೆದರೆ ರಫೂ ಇಡಿಯಾಗಿ ಕಿತ್ತು ಬರುತ್ತದೆ. ಎಳೆದು ನೋಡಲೆಂದೇ ಇನ್ನೊಂದು ಪ್ರತಿಯನ್ನು ಪಕ್ಕದಲ್ಲಿ ಇಟ್ಟಿದ್ದಾರೆ. ಪರಿಪೂರ್ಣತೆಯ ಗೀಳು ಮಾಡುವ ಹಾನಿಯನ್ನು ಇಷ್ಟು ಸ್ಪಷ್ಟವಾಗಿ, ಒಂದು ಅಂಗೈಯಗಲದ ಬಟ್ಟೆಯಲ್ಲಿ ತೋರಿಸಿದ್ದು ಅಪರೂಪ.

ಈ ಕೋಣೆಯ ಬೆಳಕಿನ ಬಗ್ಗೆ ಮಾತ್ರ ಒಪ್ಪಿಗೆಯಿಲ್ಲ. ಬಟ್ಟೆ, ಕಾಗದಗಳಿಗೆ ಸಂಗ್ರಹಾಲಯಗಳು ಅನುಸರಿಸುವ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಮಿತಿಯನ್ನೇ ಇಲ್ಲಿಗೂ ತಂದಿದ್ದಾರೆ. ಬೆಳಕಿನಿಂದ ಬಣ್ಣಕ್ಕಾಗುವ ಹಾನಿ ಎಷ್ಟು ಬೆಳಕು ಎಷ್ಟು ಹೊತ್ತು ಎಂಬ ಒಟ್ಟು ಮೊತ್ತದ ಮೇಲೆ ನಿಂತಿದೆ. ದಿನಕ್ಕೆ ಎಂಟು ಗಂಟೆಯಂತೆ ಹನ್ನೊಂದು ದಿನ 200 ಲಕ್ಸ್ ಕೊಟ್ಟರೂ ಅದು 17,600 ಲಕ್ಸ್-ಗಂಟೆ. ವರ್ಷಕ್ಕೆ 300 ದಿನ 50 ಲಕ್ಸಿನಲ್ಲಿಟ್ಟ ಬಟ್ಟೆ ತಿನ್ನುವ ಬೆಳಕು 1,20,000. ಅದೂ ಇವು ಹೊಸದಾಗಿ ತಯಾರಿಸಿದ ಮಾದರಿಗಳು, ಹಳೆಯ ನಿಧಿಗಳಲ್ಲ. ಪಕ್ಕದಿಂದ ಓರೆಯಾಗಿ, ಬಟ್ಟೆಗೆ ಹದಿನೈದು ಡಿಗ್ರಿ ಕೋನದಲ್ಲಿ ಒಂದು ದೀಪ ಹಾಕಿದ್ದರೆ ನೆರಿಗೆಯ ನೆರಳು ತಾನಾಗಿ ಎದ್ದು ಕಾಣುತ್ತಿತ್ತು. ಈಗಿರುವಂತೆ, ಒಳಗೆ ಹೋದ ಮೇಲೆ ಎರಡು ಮೂರು ನಿಮಿಷ ಸುಮ್ಮನೆ ನಿಂತು ಕಣ್ಣು ಹೊಂದಿಕೊಂಡ ಮೇಲೆ ನೋಡಬೇಕು. ಅವಸರಪಟ್ಟರೆ ಹನ್ನೆರಡೂ ಒಂದೇ ಥರ ಕಾಣುತ್ತವೆ.

ನಾಲ್ಕನೇ ಕೋಣೆ ಪಿಂಗಾಣಿಯದು. ಅರ್ಧ ಚೆನ್ನಾಗಿದೆ, ಅರ್ಧ ಬೇಸರ ತರಿಸುತ್ತದೆ. ಚೆನ್ನಾಗಿರುವ ಅರ್ಧ ಒಂದು ಕಪಾಟು: ಆವಿಗೆಯಿಂದ ಕೆಟ್ಟು ಬಂದ ಬಟ್ಟಲುಗಳು. ಒಂದರ ಮೆರುಗಿನಲ್ಲಿ ಜೇಡರ ಬಲೆಯಂಥ ನವಿರು ಗೀರುಗಳಿವೆ. ತಣಿಯುವಾಗ ಮೆರುಗು ಒಳಗಿನ ಮಣ್ಣಿಗಿಂತ ಹೆಚ್ಚು ಕುಗ್ಗಿ, ಬಿಗಿಯಾದ ಅಂಗಿಯಂತೆ ಎಳೆದು ಬಿರಿದದ್ದು. ಮೆರುಗಿನಲ್ಲಿ ಸಿಲಿಕಾ ಪ್ರಮಾಣ ಹೆಚ್ಚಿಸಿದರೆ ಕುಗ್ಗುವುದು ಕಡಿಮೆಯಾಗುತ್ತದೆ. ಅತಿಯಾಗಿ ಹೆಚ್ಚಿಸಿದರೆ ಉಲ್ಟಾ ಆಗಿ, ಮೆರುಗು ಅಂಚಿನಿಂದ ಚಕ್ಕೆ ಚಕ್ಕೆಯಾಗಿ ಹಾರುತ್ತದೆ. ಆ ಚಕ್ಕೆ ಹಾರಿದ ಬಟ್ಟಲೂ ಪಕ್ಕದಲ್ಲೇ ಇದೆ. ಇನ್ನೊಂದರ ತಳದಲ್ಲಿ ಹಾವು ಹೊರಳಿದಂಥ ಡೊಂಕು ಸೀಳು. ತಿಗರಿಯ ಮೇಲೆ ಗೋಡೆಯನ್ನು ಎತ್ತುವಾಗ ಬೆರಳು ಮಣ್ಣನ್ನು ಒತ್ತುತ್ತಲೇ ಇರುತ್ತದೆ, ತಳವನ್ನು ಯಾರೂ ಒತ್ತುವುದಿಲ್ಲ. ಒತ್ತಿಲ್ಲದ ತಳ ಒಣಗುವಾಗ ಗೋಡೆಗಿಂತ ಹೆಚ್ಚು ಕುಗ್ಗಿ ಸೀಳುತ್ತದೆ. ತಳವನ್ನು ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ನಾಲ್ಕಾರು ಸಲ ಒತ್ತಿ ಸವರಿದರೆ ಬಹುಮಟ್ಟಿಗೆ ತಪ್ಪುತ್ತದೆ. ಇದನ್ನೆಲ್ಲ ಬಟ್ಟಲಿನ ಪಕ್ಕ ನಾಲ್ಕು ನಾಲ್ಕು ಸಾಲಿನಲ್ಲಿ ಬರೆದಿದ್ದಾರೆ. ಹೀಗೇ ಇರಬೇಕು.

ಬೇಸರ ಬರುವುದು ಎದುರುಗೋಡೆಯ ಸಾಲಿಗೆ. ಹೊಸ ತಟ್ಟೆಗಳನ್ನು ಸುತ್ತಿಗೆಯಿಂದ ಒಡೆದು, ಚಿನ್ನದ ಬಣ್ಣದ ಗೆರೆಯಲ್ಲಿ ಕೂಡಿಸಿ ತೂಗುಹಾಕಿದ್ದಾರೆ. ಜಪಾನಿನ ಕಿಂತ್ಸುಗಿಯ ಹೆಸರೂ ಬರೆದಿದೆ. ಕಿಂತ್ಸುಗಿ ಬಳಕೆಯಲ್ಲಿ ಒಡೆದದ್ದನ್ನು ಮತ್ತೆ ಬಳಕೆಗೆ ತರುವ ರಿಪೇರಿ. ಗೋಡೆಗೆ ಏರಿಸಲೆಂದೇ ಒಡೆದ ತಟ್ಟೆಯಲ್ಲಿ ರಿಪೇರಿಗೆ ಏನಿದೆ? ಹತ್ತಿರ ಹೋಗಿ ನೋಡಿದರೆ ಎಲ್ಲ ಗೆರೆಗಳೂ ಒಂದೇ ದಪ್ಪ, ಒಂದೇ ಹೊಳಪು, ಎಲ್ಲ ತಟ್ಟೆಗಳಲ್ಲೂ ಐದಾರೇ ತುಂಡು. ಅಳೆದು ತೂಗಿ ಮಾಡಿದ ಬಿರುಕಿಗೆ ಹೇಳಲು ಕಾರಣವೇ ಇಲ್ಲ. ಹಾಗಾಗಿ ಇಲ್ಲಿ ಓದಲೂ ಏನಿಲ್ಲ.

ಅಲ್ಲೇ ಪಕ್ಕದಲ್ಲಿ ಒಡೆದ ಬಟ್ಟಲು ಕೂಡಿಸುವ ಮೇಜು ಇದೆ, ಕೂರುವವರಿಗೆ ಒಂದಷ್ಟು ಎಚ್ಚರ ಬೇಕು. ಅರಗಿನ ಹಳೆಯ ಪದ್ಧತಿ ಇಲ್ಲಿಲ್ಲ. ಉರುಶಿ ಎಂಬ ಮರದ ರಸದ ಅರಗು ಗಟ್ಟಿಯಾಗಲು ನೂರಕ್ಕೆ ಎಪ್ಪತ್ತು ಎಂಬತ್ತರಷ್ಟು ತೇವವಿರುವ ಬೆಚ್ಚನೆಯ ಪೆಟ್ಟಿಗೆ ಬೇಕು, ಪದರ ಪದರವಾಗಿ ವಾರಗಟ್ಟಲೆ ಕಾಯಬೇಕು, ಹಸಿಯದು ತಗುಲಿದರೆ ಚರ್ಮದಲ್ಲಿ ಬೊಕ್ಕೆ ಏಳುತ್ತವೆ. ಹನ್ನೊಂದು ದಿನದಲ್ಲಿ ಅದು ಆಗುವ ಮಾತಲ್ಲ. ಬದಲಿಗೆ ಎರಡು ಟ್ಯೂಬಿನ, ಐದು ನಿಮಿಷದ ಎಪಾಕ್ಸಿ ಮತ್ತು ಹಿತ್ತಾಳೆ ಪುಡಿ ಇಟ್ಟಿದ್ದಾರೆ. ಮೊದಲು ಅಂಟು ಇಲ್ಲದೆ ತುಂಡುಗಳನ್ನು ಟೇಪಿನಿಂದ ಕೂಡಿಸಿ, ಯಾವುದರ ನಂತರ ಯಾವುದು ಎಂದು ಸಂಖ್ಯೆ ಬರೆದುಕೊಳ್ಳಿ. ಇದನ್ನು ಬಿಟ್ಟವರೆಲ್ಲ ಕೊನೆಯ ತುಂಡು ಕೂರದೆ ಒದ್ದಾಡುತ್ತಾರೆ, ಏಕೆಂದರೆ ಅಕ್ಕಪಕ್ಕದವು ಅಂಟಿ ಆಗಿರುತ್ತವೆ, ಒಳಗೆ ತೂರಿಸಲು ದಾರಿ ಇರುವುದಿಲ್ಲ. ಒಡೆದ ಅಂಚುಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಬೆರಳಿನ ಜಿಡ್ಡು ಉಳಿದರೆ ಅಂಟು ಹಿಡಿಯುವುದಿಲ್ಲ. ಎರಡೂ ಟ್ಯೂಬಿನಿಂದ ಸಮಸಮ ಹಿಂಡಿ, ಕಡಲೆಕಾಳಿನಷ್ಟು ಸಾಕು, ಒಂದು ಸಲಕ್ಕೆ ಎರಡು ಅಥವಾ ಮೂರು ತುಂಡು ಮಾತ್ರ. ಹೆಚ್ಚು ಕಲಸಿದರೆ ಮೂರನೆಯದಕ್ಕೆ ಬರುವಷ್ಟರಲ್ಲಿ ಅದು ಗಟ್ಟಿಯಾಗಿರುತ್ತದೆ. ಅಂಟು ದಪ್ಪ ಬಳಿದರೆ ಒಂದೊಂದು ಕೂಡಿಕೆಯ ಸಣ್ಣ ಸಣ್ಣ ಅಂತರ ಸೇರುತ್ತಾ ಹೋಗಿ ಬಟ್ಟಲಿನ ಬಾಯಿ ಮುಚ್ಚದು. ಹೊರಗೆ ಉಕ್ಕಿದ್ದನ್ನು ಹಸಿಯಿದ್ದಾಗ ಒರೆಸಲು ಹೋಗಬೇಡಿ, ಬಳಿದುಕೊಳ್ಳುತ್ತದೆ. ರಬ್ಬರಿನ ಹದಕ್ಕೆ ಬಂದಾಗ ಬ್ಲೇಡಿನಿಂದ ಎಬ್ಬಿಸಿದರೆ ಪಟ್ಟಿಯಾಗಿ ಬಿಟ್ಟುಕೊಳ್ಳುತ್ತದೆ. ಮೇಜಿನವರು ಹೇಳಿಕೊಡುವಾಗ ಬಿಟ್ಟ ಮುಖ್ಯ ಮಾತು ಒಂದಿದೆ: ಹೀಗೆ ಕೂಡಿಸಿದ ಬಟ್ಟಲಿನಲ್ಲಿ ತಿನ್ನುವುದು ಕುಡಿಯುವುದು ಬೇಡ. ಈ ಅಂಟು ಬಿಸಿಗೆ ಮೆತ್ತಗಾಗುತ್ತದೆ, ಹಿತ್ತಾಳೆ ಪುಡಿಯೂ ಬಾಯಿಗೆ ಹೋಗುವ ವಸ್ತುವಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಕಲೇಬೇಕು.

ಕೊನೆಯ ಕೋಣೆಯಲ್ಲಿ ಬರೀ ಫಲಕಗಳು. ವಿಷಯ ಗಟ್ಟಿ, ಜೋಡಣೆ ಸಡಿಲ. ಕಲಾವಿದ ತೆಹ್ಚಿಂಗ್ ಷೇ 1980ರ ಏಪ್ರಿಲಿನಿಂದ ಒಂದು ವರ್ಷ ಪ್ರತಿ ಗಂಟೆಗೊಮ್ಮೆ ಹಾಜರಿ ಯಂತ್ರಕ್ಕೆ ಕಾರ್ಡು ಒತ್ತಿದ ಕೃತಿಯ ವಿವರ ಇಲ್ಲಿದೆ. ಒಟ್ಟು 8,760 ಸಲ ಒತ್ತಬೇಕಿತ್ತು, 133 ತಪ್ಪಿದವು. ಅವನ್ನು ಅವರು ಮುಚ್ಚಿಡಲಿಲ್ಲ, ವಿಂಗಡಿಸಿ ಬರೆದಿಟ್ಟರು: ನಿದ್ದೆಯಲ್ಲಿ ತಪ್ಪಿದ್ದು 94, ತಡವಾದದ್ದು 29, ಬೇಗ ಒತ್ತಿದ್ದು 10. ಪಕ್ಕದ ಫಲಕ ಇನ್ನೊಬ್ಬ ಕಲಾವಿದ ಆನ್ ಕವಾರಾ ಅವರದು. 1966ರ ಜನವರಿ 4ರಿಂದ ಆಯಾ ದಿನದ ತಾರೀಖನ್ನೇ ಚಿತ್ರವಾಗಿ ಬರೆಯುತ್ತಾ ಹೋದರು, ಮಧ್ಯರಾತ್ರಿಯೊಳಗೆ ಮುಗಿಯದ್ದನ್ನು ನಾಶ ಮಾಡುತ್ತಿದ್ದರು. ಒಬ್ಬರ ಕೃತಿಯಲ್ಲಿ ತಪ್ಪಿದ ಗಂಟೆಗಳೇ ಜೀವ, ಇನ್ನೊಬ್ಬರದರಲ್ಲಿ ತಪ್ಪಿದ ದಿನಗಳು ನಮಗೆ ಕಾಣುವುದೇ ಇಲ್ಲ. ಎರಡನ್ನೂ ಎದುರುಬದುರು ಇಟ್ಟು ಈ ವ್ಯತ್ಯಾಸ ಹೇಳಬೇಕಿತ್ತು. ಈಗ ಇಬ್ಬರನ್ನೂ "ಶಿಸ್ತು" ಎಂಬ ಒಂದೇ ತಲೆಬರಹದ ಕೆಳಗೆ ಕೂಡಿಸಿದ್ದಾರೆ.

ಮಾರ್ಸೆಲ್ ಡುಷಾಂಪ್ ಅವರ ದೊಡ್ಡ ಗಾಜಿನ ಕೃತಿಯ ಫಲಕ ಇನ್ನೂ ಅವಸರದ್ದು. 1926ರಲ್ಲಿ ಬ್ರೂಕ್ಲಿನ್ನಿನಲ್ಲಿ ಆರಂಭವಾದ ಪ್ರದರ್ಶನ ಮುಗಿದ ಮೇಲೆ ಸಾಗಣೆಯಲ್ಲಿ ಗಾಜು ಒಡೆಯಿತು, ಕಲಾವಿದ ಬಿರುಕನ್ನು ಒಪ್ಪಿಕೊಂಡರು ಎಂದು ಅಲ್ಲಿಗೆ ನಿಲ್ಲಿಸಿದ್ದಾರೆ. 1936ರಲ್ಲಿ ಅವರೇ ಕೂತು ಚೂರು ಚೂರನ್ನೂ ಜೋಡಿಸಿ, ಎರಡು ದಪ್ಪ ಗಾಜಿನ ನಡುವೆ ಭದ್ರಪಡಿಸಿದರು ಎಂಬ ಭಾಗ ಬಿಟ್ಟುಹೋಗಿದೆ. ಒಪ್ಪಿಕೊಂಡ ಬಿರುಕಿನ ಹಿಂದೆ ಅಷ್ಟು ದುಡಿಮೆ ಇತ್ತು. ರಫೂ ಕೋಣೆಯಿಂದ ಬಂದವರಿಗೆ ಬೇಕಾಗಿದ್ದ ಮಾತು ಅದೇ.

ಮನೋವಿಜ್ಞಾನದ ಫಲಕ ಸರಿಯಾಗಿದೆ, ಅಕ್ಷರ ಮಾತ್ರ ಇರುವೆ ಸಾಲು. ಪಾಲ್ ಹೆವಿಟ್, ಗಾರ್ಡನ್ ಫ್ಲೆಟ್ 1991ರಲ್ಲಿ ಗುರುತಿಸಿದ ಮೂರು ಬಗೆ ಅಲ್ಲಿವೆ: ತನ್ನಿಂದ ತಾನೇ ಬಯಸುವ ಪರಿಪೂರ್ಣತೆ, ಇತರರಿಂದ ಬಯಸುವುದು, ಇತರರು ತನ್ನಿಂದ ಬಯಸುತ್ತಾರೆಂದು ನಂಬಿದ್ದು. 1989ರಿಂದ 2016ರವರೆಗೆ ಅಮೆರಿಕ, ಕೆನಡಾ, ಬ್ರಿಟನ್ನಿನ 41,641 ಕಾಲೇಜು ವಿದ್ಯಾರ್ಥಿಗಳ ಮಾಹಿತಿ ಕೂಡಿಸಿ ನೋಡಿದ ಅಧ್ಯಯನದಲ್ಲಿ ಎಲ್ಲಕ್ಕಿಂತ ಹೆಚ್ಚು, ನೂರಕ್ಕೆ 33ರಷ್ಟು, ಏರಿದ್ದು ಮೂರನೆಯದೇ. ಈ ಫಲಕವನ್ನು ವಾಲಿದ ಚೌಕಟ್ಟುಗಳ ಕೋಣೆಯಲ್ಲಿ ಹಾಕಿದ್ದರೆ ಎರಡಕ್ಕೂ ಅರ್ಥ ಬರುತ್ತಿತ್ತು. ಅಲ್ಲಿ ಜನ ಚೌಕಟ್ಟಿಗೆ ಕೈ ಹಾಕುವ ಮುನ್ನ ಬೇರೆಯವರು ನೋಡುತ್ತಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡುತ್ತಾರೆ.

ಎಲ್ಲ ನೋಡಲು ಒಂದೂವರೆ ಗಂಟೆ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ಗಂಟೆ ರಫೂ ಕೋಣೆಗೇ ಇರಲಿ. ಮಣ್ಣಿನ ಹಾಸಿನಲ್ಲಿ ಹೊಸ ಬಿರುಕು ಬಿಡುವುದನ್ನು ಕಾಣುವ ಆಸೆಯಿಂದ ಈಗ ಹೋಗಬೇಡಿ, ಆ ಹೊತ್ತು ಕಳೆದಿದೆ. ಕಣಗಳು ಒಂದಕ್ಕೊಂದು ತಾಗಿದ ಮೇಲೆ ಕುಗ್ಗುವುದು ನಿಲ್ಲುತ್ತದೆ, ಉಳಿದ ನೀರು ಹೋಗುವಾಗ ಬದಲಾಗುವುದು ಬಣ್ಣ ಮಾತ್ರ. ಈಗ ಅಂಚಿನಿಂದ ಒಳಕ್ಕೆ ಆ ಬಿಳುಪು ಹಬ್ಬುತ್ತಿದೆ, ನಡುವೆ ಇನ್ನೂ ಕಪ್ಪು ಮಚ್ಚೆಗಳಿವೆ. ಬಿರುಕುಗಳ ಗೆರೆ ಅತಿ ಸ್ಪಷ್ಟವಾಗಿ ಕಾಣುವುದು ಇಳಿಹೊತ್ತಿನಲ್ಲಿ, ಕಿಟಕಿಯ ಬಿಸಿಲು ಓರೆಯಾದಾಗ.

ಕೊನೆಯ ದಿನ ಸಂಜೆ ಹಾಸುಗಳನ್ನು ಎಬ್ಬಿಸಿ, ನೀರು ತುಂಬಿದ ತೊಟ್ಟಿಗಳಿಗೆ ಹಾಕುತ್ತಾರೆ. ಬಂದವರು ಕೈಜೋಡಿಸಬಹುದು, ಮಣ್ಣು ಒಯ್ಯಬಹುದು, ಬಕೆಟ್ಟು ತರಬೇಕು. ಹೆಂಟೆಗಳನ್ನು ಆರಿಸುವಾಗ ಪೂರ್ತಿ ಬಿಳುಪಾದದ್ದನ್ನೇ ಮೊದಲು ಹಾಕಿ. ಸಂಪೂರ್ಣ ಒಣಗಿದ ಹೆಂಟೆ ನೀರಿಗೆ ಬಿದ್ದೊಡನೆ ಗುಳ್ಳೆ ಬಿಡುತ್ತಾ ಪದರ ಪದರವಾಗಿ ಕಳಚಿ ಕೆಸರಾಗುತ್ತದೆ. ನಡುಭಾಗದಲ್ಲಿ ಅರೆಹಸಿ ತುಂಡುಗಳು ಉಳಿದಿದ್ದರೆ ಅವು ದಿನವಿಡೀ ನೆನೆದರೂ ಹಾಗೇ ಕೂರುತ್ತವೆ. ಅವನ್ನು ಮನೆಗೆ ಒಯ್ದು, ಒಡೆದು, ಎರಡು ದಿನ ಒಣಗಿಸಿಯೇ ನೀರಿಗೆ ಹಾಕಿ.